ಹಲಗೆಯ ಮೇಲಿನ ಭಾಲ್ಕಿ ನಿಲ್ದಾಣಕ್ಕೆ ಯಾವ ಡೀಸೆಲ್ ಎಂಜಿನ್?

ನಿಜವಾದ ರೈಲುಮಾರ್ಗವನ್ನು ನಿಗದಿತ ಪ್ರಮಾಣದಲ್ಲಿ ಕಿರಿದುಗೊಳಿಸಿ, ಹಳಿ, ನಿಲ್ದಾಣ, ಸಿಗ್ನಲ್, ಸೇತುವೆಗಳ ಸಮೇತ ಹಲಗೆಯ ಮೇಲೆ ಕಟ್ಟಿ ಓಡಿಸುವ ಹವ್ಯಾಸವನ್ನು ಮಾದರಿ ರೈಲು ನಿರ್ಮಾಣ ಎನ್ನುತ್ತಾರೆ. ಆಟಿಕೆಯ ರೈಲು ರೈಲಿನಂತೆ ಕಂಡರೆ ಸಾಕು. ಮಾದರಿಯಾದರೋ ಒಂದು ಊರಿನ, ಒಂದು ಕಾಲದ ರೈಲೇ ಆಗಿರಬೇಕು. ಆದ್ದರಿಂದ ಬೀದರ್, ಭಾಲ್ಕಿ, ಕಮಲನಗರಗಳ ಹಳಿಯನ್ನು ಮನೆಯೊಳಗೆ ಕಟ್ಟಬಯಸುವವರು ಎಂಜಿನ್ನಿನ ಅಂದಕ್ಕಿಂತ ಮೊದಲು ಅದು ಈ ಮಾರ್ಗಕ್ಕೆ ಸಲ್ಲುತ್ತದೆಯೇ, ತಮ್ಮಲ್ಲಿರುವ ಹಲಗೆಯ ಮೇಲೆ ತಿರುಗುತ್ತದೆಯೇ ಎಂಬ ಎರಡನ್ನು ವಿಚಾರಿಸಬೇಕು.

ಯಾವ ಮಾರ್ಗ, ಯಾವ ಕಾಲ

ವಿಕಾರಾಬಾದಿನಿಂದ ಬೀದರ್, ಭಾಲ್ಕಿ, ಕಮಲನಗರಗಳನ್ನು ಹಾದು ಪರಳಿ ವೈಜನಾಥಕ್ಕೆ ಹೋಗುವ ಮಾರ್ಗ ನಿಜಾಮರ ಆಳ್ವಿಕೆಯಲ್ಲಿ ಹುಟ್ಟಿದ್ದು, ಈಗ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗಕ್ಕೆ ಸೇರಿದೆ. ಬೀದರ್ ಮತ್ತು ಭಾಲ್ಕಿಗಳ ನಡುವಣ ಖಾನಾಪುರದಲ್ಲಿ ಕವಲೊಡೆದು ಹುಮನಾಬಾದ್ ಮೂಲಕ ಕಲಬುರಗಿಗೆ ಸಾಗುವ ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡಿತು. ಉಗಿಬಂಡಿಗಳ ಕಾಲ ಮುಗಿದ ಮೇಲೆ ದಶಕಗಳವರೆಗೆ ಈ ಸೀಮೆಯ ಗಾಡಿಗಳನ್ನೆಳೆದದ್ದು ಡೀಸೆಲ್ ಎಂಜಿನ್. ಇತ್ತೀಚೆಗೆ ಹಳಿಯ ಮೇಲೆ ವಿದ್ಯುತ್ ತಂತಿ ಬಂದ ಮೇಲೆ ಅದು ನಿಧಾನವಾಗಿ ಹಿಂದೆ ಸರಿಯುತ್ತಿದೆ. ತಂತಿಯಿಲ್ಲದ ಬಯಲು ಆಕಾಶ, ಬೀದರಿನ ಕೆಂಪು ಜಂಬಿಟ್ಟಿಗೆ ನೆಲ, ಹಳಿಯಂಚಿನ ತೊಗರಿ ಹೊಲ ಇವೆಲ್ಲ ಮಾದರಿಯಲ್ಲಿ ಉಳಿಯಬೇಕಾದರೆ ಡೀಸೆಲ್ ಕಾಲವನ್ನೇ ಆರಿಸಿಕೊಳ್ಳಬೇಕಾಗುತ್ತದೆ.

ಭಾರತೀಯ ರೈಲ್ವೆಯ ಎಂಜಿನ್ನುಗಳ ಹೆಸರಿನಲ್ಲೇ ಅವುಗಳ ಕುಲಗೋತ್ರವಿದೆ. ಡಬ್ಲ್ಯೂ ಎಂದರೆ ಬ್ರಾಡ್‌ಗೇಜ್, ಡಿ ಎಂದರೆ ಡೀಸೆಲ್. ಮೂರನೆಯ ಅಕ್ಷರ ಪಿ ಆದರೆ ಪ್ರಯಾಣಿಕ ಗಾಡಿಗೆ, ಜಿ ಆದರೆ ಗೂಡ್ಸಿಗೆ, ಎಂ ಆದರೆ ಎರಡಕ್ಕೂ ಬಳಸುವಂಥದು. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದ, 16 ಸಿಲಿಂಡರುಗಳ, 2,600 ಅಶ್ವಶಕ್ತಿಯ ಡಬ್ಲ್ಯೂಡಿಎಂ-2 1962ರಲ್ಲಿ ಭಾರತಕ್ಕೆ ಬಂದು, 1964ರಿಂದ ವಾರಾಣಸಿಯ ಡೀಸೆಲ್ ಎಂಜಿನ್ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಅದರ ಸುಧಾರಿತ ರೂಪವಾದ ಡಬ್ಲ್ಯೂಡಿಎಂ-3ಎಯಲ್ಲಿ 3 ಎಂಬುದು ಮೂರು ಸಾವಿರವನ್ನೂ ಎ ಎಂಬುದು ಅದಕ್ಕೆ ಕೂಡುವ ನೂರನ್ನೂ ಸೂಚಿಸಿ, ಒಟ್ಟು 3,100 ಅಶ್ವಶಕ್ತಿಯಾಗುತ್ತದೆ. ಹವ್ಯಾಸಿಗಳು ಇವನ್ನು ಒಟ್ಟಾಗಿ ಆಲ್ಕೋ ಎಂದೂ, ಅಮೆರಿಕದ ಇನ್ನೊಂದು ವಿನ್ಯಾಸದಿಂದ ಬಂದ ಡಬ್ಲ್ಯೂಡಿಪಿ-4, ಡಬ್ಲ್ಯೂಡಿಜಿ-4 ಮಾಲಿಕೆಯನ್ನು ಈಎಂಡಿ ಎಂದೂ ಕರೆಯುತ್ತಾರೆ. ಎರಡೂ ತುದಿಗಳಲ್ಲಿ ಚಾಲಕನ ಕೋಣೆಯುಳ್ಳ 4,500 ಅಶ್ವಶಕ್ತಿಯ ಡಬ್ಲ್ಯೂಡಿಪಿ-4ಡಿ ಈ ಎರಡನೆಯ ಕುಲಕ್ಕೆ ಸೇರಿದ್ದು.

ಅಳತೆಯ ಲೆಕ್ಕ

ಮಾದರಿ ರೈಲಿನ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ ಎಚ್‌ಒ; ಇದರಲ್ಲಿ ನಿಜವಸ್ತುವಿನ 87 ಪಾಲು ಮಾದರಿಯ ಒಂದು ಪಾಲಿಗೆ ಸಮ. ಬೀದರಿನಿಂದ ಭಾಲ್ಕಿಗಿರುವ ಸುಮಾರು 40 ಕಿಲೋಮೀಟರನ್ನು ಈ ಪ್ರಮಾಣಕ್ಕೆ ಇಳಿಸಿದರೂ 450 ಮೀಟರಿಗೂ ಹೆಚ್ಚು ಹಳಿ ಬೇಕಾಗುವುದರಿಂದ, ಯಾವ ಮನೆಯಲ್ಲೂ ಪೂರ್ತಿ ಮಾರ್ಗ ಹಿಡಿಯದು; ಒಂದು ನಿಲ್ದಾಣ, ಒಂದು ಲೂಪ್ ಲೈನ್, ಗೂಡ್ಸ್ ನಿಲ್ಲುವ ಒಂದು ಕವಲು, ಒಂದು ತಿರುವು ಇಷ್ಟನ್ನೇ ಆಯ್ದು ಕಟ್ಟುವುದು ರೂಢಿ.

ಸುಮಾರು 17 ಮೀಟರ್ ಉದ್ದದ ಡಬ್ಲ್ಯೂಡಿಎಂ-2 ಎಚ್‌ಒದಲ್ಲಿ 20 ಸೆಂಟಿಮೀಟರಿನೊಳಗೆ ನಿಲ್ಲುತ್ತದೆ, 21 ಮೀಟರ್ ಮೀರುವ ಈಎಂಡಿ 24 ಸೆಂಟಿಮೀಟರಿಗೆ ಬರುತ್ತದೆ. ಅಂತರ ಒಂದು ಬೆರಳುದ್ದವೂ ಇಲ್ಲವೆಂದು ತೋರಿದರೂ ತಿರುವಿನಲ್ಲಿ ಅದೇ ನಿರ್ಣಾಯಕವಾಗುತ್ತದೆ. ಕನ್ನಡದ ಮಾತಿನಲ್ಲಿ ಬೋಗಿ ಎಂದರೆ ಪ್ರಯಾಣಿಕರು ಕೂರುವ ಡಬ್ಬಿ. ರೈಲ್ವೆಯ ಪರಿಭಾಷೆಯಲ್ಲಾದರೆ ಅದು ಗಾಡಿಯ ಅಡಿಯಲ್ಲಿ ಗಾಲಿಗಳನ್ನು ಹಿಡಿದು ತಿರುಗುವ ಚೌಕಟ್ಟು. ಮೇಲಿನ ಎಂಜಿನ್ನುಗಳ ಒಂದೊಂದು ಬೋಗಿಯಲ್ಲಿ ಮೂರು ಮೂರು ಅಚ್ಚುಗಳಿರುವುದರಿಂದ ಅವಕ್ಕೆ ಬಿಗಿಯಾದ ತಿರುವು ಒಗ್ಗದು. ಆಟಿಕೆ ಸೆಟ್ಟುಗಳ ಜೊತೆ ಬರುವ ಸುಮಾರು 36 ಸೆಂಟಿಮೀಟರ್ ತ್ರಿಜ್ಯದ ವೃತ್ತದಲ್ಲಿ ಇಂಥ ಎಂಜಿನ್ ಹಳಿ ತಪ್ಪಬಹುದು, ತಪ್ಪದಿದ್ದರೂ ಅದರ ಮೂತಿ ಹಳಿಯಾಚೆ ಚಾಚಿ ಪ್ಲಾಟ್‌ಫಾರ್ಮಿಗೆ ತಾಗುತ್ತದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಪ್ಲೈವುಡ್ ಹಾಳೆಯ ಮೇಲೆ 50 ಸೆಂಟಿಮೀಟರಿನ ತ್ರಿಜ್ಯ ಆರಾಮವಾಗಿ ಕೂರುತ್ತದೆ. ಆ ಹಲಗೆಗೆ ಆಲ್ಕೋ ಹೊಂದುವಷ್ಟು ಈಎಂಡಿ ಹೊಂದದು.

ಇನ್ನೊಂದು ಸೂಕ್ಷ್ಮ ಹಳಿಯ ಅಗಲದ್ದು. ಎಚ್‌ಒ ಹಳಿಯ ನಡುವಣ ಅಂತರ 16.5 ಮಿಲಿಮೀಟರ್, ಇದು ಯುರೋಪು, ಅಮೆರಿಕಗಳ 1,435 ಮಿಲಿಮೀಟರ್ ಹಳಿಯನ್ನು 87ರಿಂದ ಭಾಗಿಸಿ ಬಂದದ್ದು. ಭಾರತದ ಬ್ರಾಡ್‌ಗೇಜ್ 1,676 ಮಿಲಿಮೀಟರ್ ಇರುವುದರಿಂದ ಅದಕ್ಕೆ 19 ಮಿಲಿಮೀಟರಿಗಿಂತ ಅಗಲದ ಹಳಿ ಬೇಕು. ಅಷ್ಟು ಅಗಲದ ಹಳಿ, ಗಾಲಿಗಳನ್ನು ಕೈಯಿಂದಲೇ ಮಾಡಿಕೊಳ್ಳಬೇಕಾಗುವುದರಿಂದ, ಮೊದಲ ಬಾರಿಗೆ ಕಟ್ಟುವವರು ಸಿದ್ಧ ಹಳಿಯನ್ನೇ ಬಳಸಿ, ಸುಮಾರು ಮೂರು ಮಿಲಿಮೀಟರಿನ ಈ ಕೊರತೆಯನ್ನು ಒಪ್ಪಿಕೊಳ್ಳುವುದು ವಿವೇಕ.

ಕೈಗೆತ್ತಿಕೊಂಡು ನೋಡುವಾಗ

ನಿಜವಾದ ಎಂಜಿನ್ನಿನಲ್ಲಿ ಡೀಸೆಲ್ ಯಂತ್ರ ಜನರೇಟರನ್ನು ತಿರುಗಿಸಿ, ಆ ವಿದ್ಯುತ್ತಿನಿಂದ ಅಚ್ಚುಗಳ ಮೋಟಾರುಗಳು ನಡೆಯುತ್ತವೆ. ಮಾದರಿಯಲ್ಲಾದರೆ ಹಳಿಯಿಂದಲೇ ಗಾಲಿಗಳ ಮೂಲಕ ವಿದ್ಯುತ್ ಏರಿ ಒಂದು ಪುಟ್ಟ ಮೋಟಾರನ್ನು ಓಡಿಸುತ್ತದೆ. ಆದ್ದರಿಂದ ಹನ್ನೆರಡೂ ಗಾಲಿಗಳು ಹಳಿಯಿಂದ ವಿದ್ಯುತ್ ಹೀರುವಂತಿದ್ದು, ಎರಡೂ ಬೋಗಿಗಳಿಗೆ ಮೋಟಾರಿನ ಚಲನೆ ತಲುಪುವಂತಿರಬೇಕು. ಮೋಟಾರಿನ ದಂಡಕ್ಕೆ ಜೋಡಿಸಿದ ಭಾರದ ಹಿತ್ತಾಳೆ ಚಕ್ರಗಳು, ಎಂದರೆ ಫ್ಲೈವೀಲ್‌ಗಳು, ಧೂಳಿನಿಂದ ವಿದ್ಯುತ್ ಕ್ಷಣಮಾತ್ರ ಕಡಿದರೂ ಎಂಜಿನ್ ಮುಗ್ಗರಿಸದಂತೆ ನೋಡಿಕೊಳ್ಳುತ್ತವೆ. ಬೇಸಿಗೆಯಲ್ಲಿ ಕಿಟಕಿ ಸಂದಿಯಿಂದಲೂ ಕೆಂಪು ಧೂಳು ನುಸುಳುವ ಬೀದರಿನ ಮನೆಗಳಲ್ಲಿ ಈ ಗುಣದ ಬೆಲೆ ಹೆಚ್ಚು.

ಎಂಜಿನ್ನಿನ ನಿಜವಾದ ಪರೀಕ್ಷೆ ವೇಗದ್ದಲ್ಲ, ನಿಧಾನದ್ದು. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ನಿಲ್ದಾಣದೊಳಗೆ ಬರುವ ಗಾಡಿ ಎಚ್‌ಒ ಪ್ರಮಾಣದಲ್ಲಿ ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಕಡಿಮೆ ದೂರ ಸಾಗಬೇಕು. ಹಳಿಯ ಪಕ್ಕ ಅರ್ಧ ಮೀಟರ್ ಅಳತೆಪಟ್ಟಿಯಿಟ್ಟು, ಅದನ್ನು ದಾಟಲು ಎಂಜಿನ್ ಹತ್ತು ಸೆಕೆಂಡಿಗಿಂತ ತುಸು ಹೆಚ್ಚು ತೆಗೆದುಕೊಂಡು, ನಡುವೆ ಎಲ್ಲಿಯೂ ಕುಪ್ಪಳಿಸದೆ, ನಿಂತು ಮತ್ತೆ ಹೊರಟರೆ, ಅದರ ಯಂತ್ರ ಗಟ್ಟಿಯೆಂದು ತಿಳಿಯಬಹುದು.

ಭಾರತೀಯ ಎಂಜಿನ್ನುಗಳ ಸಿದ್ಧ ಮಾದರಿಗಳು ವಿರಳವಾದ್ದರಿಂದ, ಕೇಟೋ, ಬಾಖ್‌ಮನ್, ಅಥರ್ನ್ ಮೊದಲಾದ ಕಂಪನಿಗಳು ಮಾಡುವ ಅಮೆರಿಕದ ಎಂಜಿನ್ನುಗಳನ್ನು ತಂದು ಮೇಲ್ಹೊದಿಕೆ ಬದಲಿಸುವುದುಂಟು. ಆಗ ಮುಖ್ಯವಾಗಿ ಎರಡನ್ನು ಗಮನಿಸಬೇಕು. ಡಬ್ಲ್ಯೂಡಿಎಂ-2ರ ಬೋಗಿಯಲ್ಲಿ ಮೂರು ಅಚ್ಚುಗಳ ನಡುವಣ ಅಂತರ ಸಮವಲ್ಲ. ಈ ಅಸಮತೆ ಅದರ ಗುರುತೇ ಆಗಿರುವುದರಿಂದ ಅಂಥದೇ ಬೋಗಿಯಿರುವ ಆಲ್ಕೋ ಮಾದರಿಯನ್ನು ಹುಡುಕಬೇಕು. ಎರಡನೆಯದಾಗಿ, ಅಮೆರಿಕದ ಎಂಜಿನ್ನಿನ ತುದಿಗಳಲ್ಲಿ ಇಲ್ಲದ ಎರಡು ದುಂಡು ಬಫರುಗಳು ಭಾರತದ ಎಂಜಿನ್ನಿನಲ್ಲಿರುತ್ತವೆ. ಅವನ್ನು ಕೈಯಿಂದಲೇ ಕೂಡಿಸಬೇಕು. ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸುವ ಬಿದರಿ ಕಸುಬಿನ ಊರಿಗೆ ಇಂಥ ಸಣ್ಣ ಕೆಲಸದ ತಾಳ್ಮೆ ಹೊಸದೇನಲ್ಲ.

ಒಂದೇ ಗಾಡಿ ಓಡಿಸುವವರಿಗೆ 12 ವೋಲ್ಟಿನ ಸಾಮಾನ್ಯ ನಿಯಂತ್ರಕ ಸಾಕು. ಒಂದೇ ಹಳಿಯ ಮೇಲೆ ಹಲವು ಎಂಜಿನ್ನುಗಳನ್ನು ಬೇರೆ ಬೇರೆಯಾಗಿ ನಡೆಸುವ ಡಿಸಿಸಿ ಎಂಬ ಡಿಜಿಟಲ್ ಪದ್ಧತಿಯಲ್ಲಿ ಪ್ರತಿ ಎಂಜಿನ್ನಿಗೂ ಒಂದು ಸಂಖ್ಯೆಯಿದ್ದು, ಒಳಗಿನ ಡಿಕೋಡರ್ ಎಂಬ ಪುಟ್ಟ ಫಲಕ ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನಷ್ಟೇ ಪಾಲಿಸುತ್ತದೆ. ಮೊದಲಿಗೇ ಅದು ಬೇಡವಾದರೂ, ಮುಂದೆ ಕೂರಿಸಲು ಜಾಗವಿರುವ ಎಂಜಿನ್ನನ್ನು ಕೊಳ್ಳುವುದು ಜಾಣತನ. ಹಣ ತೆರುವ ಮೊದಲು, 1998ರಿಂದ ಜನರಿಗೆ ತೆರೆದಿರುವ ಪುಣೆಯ ಜೋಶಿ ಕಿರು ರೈಲು ವಸ್ತುಸಂಗ್ರಹಾಲಯವನ್ನು ಒಮ್ಮೆ ನೋಡಿಬಂದರೆ, ಮಾದರಿ ರೈಲು ಹೇಗೆ ನಡೆಯುತ್ತದೆಂಬುದು ಕಣ್ಣಿಗೇ ತಿಳಿಯುತ್ತದೆ.

ಔರಾದಿನ ಹಲಗೆ

ಔರಾದ್ ಪಟ್ಟಣಕ್ಕೆ ಇನ್ನೂ ಹಳಿ ತಲುಪಿಲ್ಲ. ಹಿಂದೆ ಅದೇ ತಾಲ್ಲೂಕಿಗೆ ಸೇರಿದ್ದ ಕಮಲನಗರವೇ ಆ ಕಡೆಯ ಜನರಿಗೆ ರೈಲಿನ ಗುರುತು. ಮಾದರಿಗೆ ಕಮಲನಗರ ಒಳ್ಳೆಯ ಆಯ್ಕೆಯೂ ಹೌದು, ಏಕೆಂದರೆ ಸಣ್ಣ ನಿಲ್ದಾಣ ಚಿಕ್ಕ ಹಲಗೆಯಲ್ಲಿ ಹಿಡಿಯುತ್ತದೆ. ಬೀದರನ್ನೇ ಕಟ್ಟುವವರು ಮಾತ್ರ ಅಲ್ಲಿಗೆ ಪ್ರಯಾಣ ಮುಗಿಸುವ ಮಚಲಿಪಟ್ಟಣಂ ಎಕ್ಸ್‌ಪ್ರೆಸ್ಸಿನಂಥ ಗಾಡಿಗಳ ಎಂಜಿನ್ ಕಳಚಿಕೊಂಡು ಪಕ್ಕದ ಹಳಿಯಲ್ಲಿ ಇನ್ನೊಂದು ತುದಿಗೆ ಹೋಗಲು ಜಾಗ ಬಿಡಬೇಕು.

ಈ ಎಲ್ಲವನ್ನೂ ತೂಗಿದರೆ, ಬೀದರ್ ಸೀಮೆಯ ಮೊದಲ ಮಾದರಿಗೆ ಎಚ್‌ಒ ಪ್ರಮಾಣದ ಆಲ್ಕೋ ಎಂಜಿನ್ನೇ ತಕ್ಕದ್ದು: ಅದು ಈ ಹಳಿಯ ಡೀಸೆಲ್ ಕಾಲಕ್ಕೂ ಒಂದೇ ಪ್ಲೈವುಡ್ ಹಾಳೆಗೂ ಸರಿಹೊಂದುತ್ತದೆ. ಆದರೆ ಮಾದರಿ ಸರಿಯಾಗಬೇಕಾದರೆ ಮೂಲದ ದಾಖಲೆ ಬೇಕು. ಭಾಲ್ಕಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತ ಡೀಸೆಲ್ ಎಂಜಿನ್ನಿನ ಹಳೆಯ ಚಿತ್ರವೊಂದು ಯಾರ ಮನೆಯ ಆಲ್ಬಮಿನಲ್ಲಾದರೂ ಇದ್ದರೆ, ಅದರ ಹಿಂದೆ ಊರು ಮತ್ತು ವರ್ಷ ಬರೆದು ಜೋಪಾನವಾಗಿಡಬೇಕು. ನಾಳೆ ಹಲಗೆಯ ಮೇಲೆ ಭಾಲ್ಕಿಯನ್ನು ಕಟ್ಟುವವರಿಗೆ ಅದೇ ನಕ್ಷೆ.