ಮರಳಿನಡಿ ಉಳಿದ ಯುದ್ಧನೌಕೆ

ಇಂಗ್ಲೆಂಡಿನ ನೈಋತ್ಯ ತುದಿಯಾಚೆಗಿನ ಸಿಲಿ ದ್ವೀಪಸಮೂಹದ ಕಡಲಿನಲ್ಲಿ ‘ಎಚ್‌ಎಂಎಸ್ ಕೊಲೋಸಸ್’ ಎಂಬ ಬ್ರಿಟಿಷ್ ಯುದ್ಧನೌಕೆಯ ಅವಶೇಷಗಳಿವೆ. 74 ಫಿರಂಗಿಗಳ ಈ ಮರದ ಹಡಗು ನೀರಿಗಿಳಿದದ್ದು 1787ರಲ್ಲಿ. 1798ರ ಕೊನೆಯಲ್ಲಿ ಅದು ನೈಲ್ ಕದನದ ಗಾಯಾಳುಗಳನ್ನು ಹೊತ್ತು ತಾಯ್ನಾಡಿಗೆ ಮರಳುತ್ತಿತ್ತು. ನೇಪಲ್ಸ್‌ನಲ್ಲಿ ರಾಯಭಾರಿಯಾಗಿದ್ದ ಸರ್ ವಿಲಿಯಂ ಹ್ಯಾಮಿಲ್ಟನ್ ಸಂಗ್ರಹಿಸಿದ್ದ ಪ್ರಾಚೀನ ಗ್ರೀಕ್ ಹೂಜಿಗಳ ಪೆಟ್ಟಿಗೆಗಳೂ ಅದರಲ್ಲಿದ್ದವು. ಡಿಸೆಂಬರ್‌ನಲ್ಲಿ ಸೇಂಟ್ ಮೇರಿಸ್ ದ್ವೀಪದ ಬಳಿ ತಂಗಿದ್ದಾಗ ಬಿರುಗಾಳಿಗೆ ಲಂಗರಿನ ಹಗ್ಗ ಕಡಿದು, ಹಡಗು ಬಂಡೆಗೆ ಬಡಿದು ಒಡೆಯಿತು. ಒಬ್ಬನ ಹೊರತು ಉಳಿದವರೆಲ್ಲ ಪಾರಾದರು.

1974ರಲ್ಲಿ ರೋಲಂಡ್ ಮಾರಿಸ್ ಅವರ ತಂಡ ಈ ತಾಣವನ್ನು ಪತ್ತೆಹಚ್ಚಿತು. ಹೂಜಿಗಳ 30,000ಕ್ಕೂ ಹೆಚ್ಚು ಚೂರುಗಳು ಮೇಲೆ ಬಂದು ಬ್ರಿಟಿಷ್ ಮ್ಯೂಸಿಯಂ ಸೇರಿದವು. ಆನಂತರ ಹಡಗಿನ ಹಿಂಭಾಗವೂ ಸಿಕ್ಕಿತು. 2001ರಲ್ಲಿ, 1973ರ ನೌಕಾವಶೇಷ ರಕ್ಷಣಾ ಕಾಯ್ದೆಯಡಿ ಆ ತಾಣಕ್ಕೆ ರಕ್ಷಣೆ ದೊರೆಯಿತು.

ಎರಡು ಶತಮಾನ ಕಳೆದರೂ ಮರ ಉಳಿದಿರುವುದಕ್ಕೆ ಕಾರಣ ಮರಳು. ಮರಳಿನಡಿ ಆಮ್ಲಜನಕ ತೀರಾ ಕಡಿಮೆ. ಮರ ಕೊರೆಯುವ ಕಡಲಜೀವಿಗಳು ಅಲ್ಲಿ ಬದುಕಲಾರವು. ಪ್ರವಾಹ ಮರಳನ್ನು ಸರಿಸಿದಲ್ಲೆಲ್ಲ ಮರ ಸವೆಯತೊಡಗುತ್ತದೆ. ಆದ್ದರಿಂದಲೇ ಪುರಾತತ್ವಜ್ಞರು ಮರಳಿನ ಏರಿಳಿತವನ್ನು ಅಳೆಯುತ್ತಾರೆ.

2009ರಿಂದ ಸ್ಕೂಬಾ ಡೈವರ್‌ಗಳಿಗಾಗಿ ಇಲ್ಲಿ ವೀಕ್ಷಣಾ ಪಥವಿದೆ. ಸುಮಾರು 15 ಮೀಟರ್ ಆಳದಲ್ಲಿ, ಬಾಯಿ ಕೆಳಗಾಗಿ ಮರಳಿನಲ್ಲಿ ನೆಟ್ಟಗೆ ಹೂತ ಕಬ್ಬಿಣದ ಫಿರಂಗಿಗಳು ಕಾಣುತ್ತವೆ. ಬಳಿಯಲ್ಲೇ ಹಡಗಿನ ಪಕ್ಕದ ಹಲಗೆಗಳಿವೆ. ಆ ಆಳದಲ್ಲಿ ಒತ್ತಡ ನೀರಿನ ಮೇಲಿಗಿಂತ ಎರಡೂವರೆ ಪಟ್ಟು, ಸಿಲಿಂಡರಿನ ಗಾಳಿ ಖರ್ಚಾಗುವ ವೇಗವೂ ಅಷ್ಟೇ. ಆದರೂ ಇನ್ನೂ ಆಳದ ಅವಶೇಷಗಳಿಗೆ ಹೋಲಿಸಿದರೆ ಇಲ್ಲಿ ಹೆಚ್ಚು ಹೊತ್ತು ಇರಬಹುದು. ಬೇಸಿಗೆಯಲ್ಲೂ ನೀರು ತಣ್ಣಗಿರುವುದರಿಂದ ದಪ್ಪ ಉಡುಪು ಬೇಕು; ಉಬ್ಬರವಿಳಿತದ ಸೆಳೆತ ನೋಡಿಕೊಂಡು ಇಳಿಯುವ ಸಮಯ ಗೊತ್ತುಮಾಡಬೇಕು. ತೇಲುವ ಹದ ಸಾಧಿಸುವುದು ಎಲ್ಲಕ್ಕಿಂತ ಮುಖ್ಯ. ತಳ ಮುಟ್ಟದೆ ತೇಲಲು ಬಾರದವರ ಕಾಲಿನ ರೆಕ್ಕೆಯ ಒಂದು ಬಡಿತಕ್ಕೆ ಮರಳು ಎದ್ದು ನೋಟ ಮಸುಕಾಗುತ್ತದೆ, ಶಿಥಿಲ ಮರಕ್ಕೂ ಪೆಟ್ಟಾಗುತ್ತದೆ.

ಸಂರಕ್ಷಿತ ತಾಣದಲ್ಲಿ ಡೈವ್ ಮಾಡಲು ಪರವಾನಗಿ ಕಡ್ಡಾಯ. ಏನನ್ನೂ ಕದಲಿಸುವಂತಿಲ್ಲ, ಎತ್ತಿಕೊಳ್ಳುವಂತಿಲ್ಲ. ಬ್ರಿಟನ್ನಿನ ಬೇರಾವುದೇ ಕಡಲ ಅವಶೇಷದಿಂದ ವಸ್ತು ಮೇಲೆ ತಂದವರೂ 28 ದಿನಗಳೊಳಗೆ ‘ರಿಸೀವರ್ ಆಫ್ ರೆಕ್’ ಎಂಬ ಸರ್ಕಾರಿ ಅಧಿಕಾರಿಗೆ ವರದಿ ಮಾಡಬೇಕು. ತಪ್ಪಿದರೆ ಅದು ಶಿಕ್ಷಾರ್ಹ ಅಪರಾಧ.