ಭಂಡಾರ ಹಾರಿದ್ದೆಲ್ಲ ಕಟ್ ಅಲ್ಲ: ವಿಡಿಯೊ ದೃಶ್ಯ ಪತ್ತೆಯ ತಪ್ಪು ಕಲ್ಪನೆ ಮತ್ತು ಸತ್ಯ

ವಿಡಿಯೊದಲ್ಲಿ ದೃಶ್ಯ ಬದಲಾದ ಜಾಗವನ್ನು ತಾನಾಗಿ ಗುರುತಿಸುವ ತಂತ್ರಾಂಶಕ್ಕೆ ಕಥೆ ತಿಳಿಯುತ್ತದೆ ಎಂಬುದು ಬಹಳ ಜನರ ನಂಬಿಕೆ. ಅದು ಸಾಮಾನ್ಯವಾಗಿ ಹುಡುಕುವುದು ದೃಶ್ಯವನ್ನಲ್ಲ, ಶಾಟನ್ನು. ಅಂದರೆ ಕ್ಯಾಮೆರಾ ಚಾಲೂ ಆಗಿ ನಿಲ್ಲುವವರೆಗಿನ ಒಂದು ತುಣುಕನ್ನು. ಪಾಲಬಾವಿ, ರಾಯಬಾಗ, ಅಥಣಿ ಸೀಮೆಯವರಿಗೆ ಪರಿಚಿತವಾದ ಶ್ರೀಕೃಷ್ಣ ಪಾರಿಜಾತದ ಆಟವನ್ನು ಒಂದೇ ಕಡೆ ನಿಲ್ಲಿಸಿದ ಕ್ಯಾಮೆರಾದಲ್ಲಿ ಹಿಡಿದರೆ, ರುಕ್ಮಿಣಿಯ ಪ್ರಸಂಗ ಮುಗಿದು ಸತ್ಯಭಾಮೆ ಬಂದದ್ದು ನೋಡುವವರಿಗೆ ಹೊಸ ದೃಶ್ಯ. ತಂತ್ರಾಂಶದ ಲೆಕ್ಕದಲ್ಲಿ ಅಲ್ಲಿ ಒಂದೂ ಕಟ್, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗ, ಇಲ್ಲ.

ಚಿತ್ರ ಒಮ್ಮೆಲೇ ಬದಲಾದರೆ ಅದು ಕಟ್ಟೇ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಸೆಕೆಂಡಿಗೆ 25 ಫ್ರೇಮ್‌ಗಳ ವಿಡಿಯೊದಲ್ಲಿ ಪ್ರತಿ ಫ್ರೇಮಿನ ಬಣ್ಣಗಳ ಹಂಚಿಕೆಯನ್ನು, ಅಂದರೆ ಹಿಸ್ಟೋಗ್ರಾಂ ಅನ್ನು, ಹಿಂದಿನ ಫ್ರೇಮಿನದರೊಂದಿಗೆ ಹೋಲಿಸಿ, ವ್ಯತ್ಯಾಸ ಒಂದು ಮಿತಿ ದಾಟಿದರೆ ಕಟ್ ಎನ್ನುವುದು ಹಳೆಯ ಕ್ರಮ. ಫೋಟೊದವರ ಫ್ಲಾಶ್ ಬಿದ್ದಾಗ ಒಂದೆರಡು ಫ್ರೇಮ್ ಬೆಳ್ಳಗಾಗಿ ಹಳೆಯ ಚಿತ್ರವೇ ಮರಳುತ್ತದೆ, ಯಂತ್ರ ಅದನ್ನು ಕಟ್ ಎಂದುಕೊಳ್ಳಬಹುದು. ಫ್ಲಾಶಿನ ಮುಂಚಿನ ಮತ್ತು ನಂತರದ ಫ್ರೇಮ್‌ಗಳನ್ನು ಹೋಲಿಸಿದರೆ ತಪ್ಪು ಸಿಕ್ಕಿಬೀಳುತ್ತದೆ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಹಾರಿಸುವ ಭಂಡಾರ, ಅಂದರೆ ಅರಿಶಿನದ ಪುಡಿ, ಇನ್ನೂ ಕಠಿಣ. ಹಳದಿ ಮೋಡ ಹಲವು ಫ್ರೇಮ್‌ಗಳುದ್ದಕ್ಕೂ ಏರಿ ನಿಧಾನ ಇಳಿಯುತ್ತದೆ. ಯಂತ್ರದ ಕಣ್ಣಿಗೆ ಅದು ಒಂದು ಚಿತ್ರ ಕರಗಿ ಇನ್ನೊಂದು ಮೂಡುವ ಡಿಸಾಲ್ವ್‌ನಂತೆಯೇ ಕಾಣಬಹುದು. ಇದಕ್ಕೆ ತದ್ವಿರುದ್ಧ ತಪ್ಪೂ ಉಂಟು: ಒಂದು ಕಬ್ಬಿನ ಗದ್ದೆಯಿಂದ ಇನ್ನೊಂದಕ್ಕೆ ಕಟ್ ಮಾಡಿದರೆ ಹಸಿರಿನ ಪ್ರಮಾಣ ಅಷ್ಟೇ ಇರುವುದರಿಂದ ಹಿಸ್ಟೋಗ್ರಾಂ ಹೆಚ್ಚು ಅಲುಗದೇ ಇರಬಹುದು. ಬಣ್ಣ ಎಷ್ಟಿದೆ ಎಂದು ಅದು ಎಣಿಸುತ್ತದೆ, ಎಲ್ಲಿದೆ ಎಂದಲ್ಲ. ಫ್ರೇಮನ್ನು ಸಣ್ಣ ಚೌಕಗಳಾಗಿ ಒಡೆದು ಹೋಲಿಸುವುದು ಈ ಕಾರಣಕ್ಕೇ.

ಡಿಸಾಲ್ವ್ ಕಣ್ಣಿಗೆ ಸುಲಭವಾಗಿ ಕಾಣುವುದರಿಂದ ಯಂತ್ರಕ್ಕೂ ಸುಲಭ ಎನ್ನುವುದು ಮತ್ತೊಂದು ಭ್ರಮೆ. ಅಕ್ಕಪಕ್ಕದ ಫ್ರೇಮ್‌ಗಳ ವ್ಯತ್ಯಾಸ ಅಲ್ಲಿ ತೀರ ಅಲ್ಪ. 1993ರಲ್ಲಿ ಸಿಂಗಪುರದ ಸಂಶೋಧಕರಾದ ಝಾಂಗ್, ಕಂಕನಹಳ್ಳಿ ಮತ್ತು ಸ್ಮೋಲಿಯರ್ ಎರಡು ಮಿತಿಗಳ ಉಪಾಯ ಕಂಡುಕೊಂಡರು: ಕೆಳಗಿನ ಮಿತಿ ದಾಟಿದಲ್ಲಿಂದ ವ್ಯತ್ಯಾಸ ಕೂಡಿಸುತ್ತ ಹೋಗುವುದು, ಮೊತ್ತ ಮೇಲಿನ ಮಿತಿ ದಾಟಿದರೆ ಬದಲಾವಣೆ ಎಂದು ತೀರ್ಮಾನಿಸುವುದು. ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗಲೂ ಮೊತ್ತ ಏರುವುದರಿಂದ ಚಲನೆಯ ದಿಕ್ಕನ್ನೂ ಪರೀಕ್ಷಿಸಬೇಕಾಗುತ್ತದೆ. 2013ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಡಿ. ಎಸ್. ಗುರು ಮತ್ತು ಮಹಮದ್ ಸುಹಿಲ್ ಹಿಸ್ಟೋಗ್ರಾಂ ಆಧರಿಸಿಯೇ ವಿಡಿಯೊವನ್ನು ಒಡೆದು ಕೂಡಿಸುವ ವಿಧಾನವೊಂದನ್ನು ಪ್ರಕಟಿಸಿದರು.

ವಿಡಿಯೊ ಫೈಲಿನಲ್ಲಿ ಪೂರ್ಣ ಚಿತ್ರವಾಗಿ ಉಳಿಸಿದ ಕೀಫ್ರೇಮ್‌ಗಳೇ ಕಟ್‌ಗಳು ಎಂದು ಸಂಕಲನಕಾರರಲ್ಲೂ ಕೆಲವರು ತಿಳಿದಿದ್ದಾರೆ. ವಿಡಿಯೊ ಕುಗ್ಗಿಸುವ ಎಕ್ಸ್264 ಎನ್‌ಕೋಡರ್ ಕಟ್ ಕಂಡಲ್ಲಿ ಕೀಫ್ರೇಮ್ ಇಡುವುದು ನಿಜ. ಕಟ್ ಇಲ್ಲದಿದ್ದರೂ ಅದರ ಮೂಲ ಸೆಟ್ಟಿಂಗ್‌ನಂತೆ 250 ಫ್ರೇಮಿನೊಳಗೆ, ಅಂದರೆ ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ 10 ಸೆಕೆಂಡಿನೊಳಗೆ, ಒಂದನ್ನು ಇಡಲೇಬೇಕು.

2020ರ ಟ್ರಾನ್ಸ್‌ನೆಟ್ ವಿ2ನಂಥ ಕೃತಕ ನರಜಾಲಗಳು ಕಟ್ ಹುಡುಕುವುದರಲ್ಲಿ ಹಳೆಯ ವಿಧಾನಗಳಿಗಿಂತ ಬಹಳ ಮುಂದಿವೆ, ಆದರೂ ತಪ್ಪುತ್ತವೆ. ಎಲ್ಲ ವಿಡಿಯೊಗೂ ಒಗ್ಗುವ ಒಂದೇ ಮಿತಿ ಇಲ್ಲ. ಜಾತ್ರೆ, ಆಟ, ಮದುವೆಯ ವಿಡಿಯೊ ವಿಂಗಡಿಸುವವರು ಮಿತಿಯನ್ನು ತುಸು ತಗ್ಗಿಸಿಯೇ ಶುರುಮಾಡಬೇಕು: ಸುಳ್ಳು ಕಟ್ ಅಳಿಸುವುದು ಕ್ಷಣದ ಕೆಲಸ, ಬಿಟ್ಟುಹೋದದ್ದನ್ನು ಹುಡುಕಲು ಇಡೀ ವಿಡಿಯೊ ನೋಡಬೇಕು.