ಗಾಜಿನ ಮೇಲಣ ಹೊಳೆಗಳು

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋದವರಲ್ಲಿ ಅನೇಕರು ಸಮೀಪದ ಮಾಣಿಕನಗರದ ಸಂಗಮವನ್ನೂ ನೋಡಿರುತ್ತಾರೆ. ವಿರಜಾ, ಗುರುಗಂಗಾ ಎಂಬ ಎರಡು ಹೊಳೆಗಳು ಅಲ್ಲಿ ಕೂಡುತ್ತವೆ. ಮಳೆಗಾಲದಲ್ಲಿ ಅವು ತುಂಬಿ ಬಂದು ಬೆರೆತ ಮೇಲೆ, ಯಾವುದು ಯಾವ ಹೊಳೆಯ ನೀರೆಂದು ಹೇಳುವುದು ಯಾರಿಂದಲೂ ಆಗದು. ಆದರೆ ಕೂದಲೆಳೆಯಷ್ಟು ಕಿರಿದಾದ ಕಾಲುವೆಯಲ್ಲಿ ಎರಡು ದ್ರವಗಳನ್ನು ಕೂಡಿಸಿದರೆ ನಡೆಯುವುದೇ ಬೇರೆ. ಅವು ಸುಳಿಯಿಲ್ಲದೆ, ಹೆಚ್ಚು ಬೆರೆಯದೆ, ಅಕ್ಕಪಕ್ಕದಲ್ಲಿಯೇ ಸಾಗುತ್ತವೆ. ಅಷ್ಟು ಇಕ್ಕಟ್ಟಿನಲ್ಲಿ ದ್ರವದ ಸ್ನಿಗ್ಧತೆಯು ಹರಿವಿನ ರಭಸವನ್ನು ಅಡಗಿಸಿಬಿಡುವುದೇ ಇದಕ್ಕೆ ಕಾರಣ.

ರಬ್ಬರಿನಂತೆ ಬಾಗುವ ಪಾರದರ್ಶಕ ಸಿಲಿಕೋನಿನಲ್ಲಿ ಇಂಥ ಕಾಲುವೆಗಳ ಅಚ್ಚು ತೆಗೆದು ಗಾಜಿಗೆ ಅಂಟಿಸಿದರೆ ಸೂಕ್ಷ್ಮದ್ರವ ಚಿಪ್ ಸಿದ್ಧವಾಗುತ್ತದೆ. ಒಂದೇ ಜೀವಕೋಶದ ಒಂದು ಮಗ್ಗುಲಿಗೆ ಔಷಧವನ್ನೂ ಇನ್ನೊಂದು ಮಗ್ಗುಲಿಗೆ ಬರಿಯ ಪೋಷಕ ದ್ರವವನ್ನೂ ಹರಿಸಿ, ಅದು ಹೇಗೆ ವರ್ತಿಸುವುದೆಂದು ಇಲ್ಲಿ ನೋಡಬಹುದು.

ಹರಿವನ್ನಷ್ಟೇ ಅಲ್ಲ, ಸಣ್ಣ ಜೀವಿಯನ್ನೂ ಚಿಪ್‌ನಲ್ಲಿ ಹಿಡಿದು ನಿಲ್ಲಿಸಬಹುದು. ಇದಕ್ಕೆ ನಮ್ಮ ನಾಡಿನದೇ ನಿದರ್ಶನವುಂಟು. ಸೀನೊರ್‍ಯಾಬ್ಡಿಟಿಸ್ ಎಲಿಗನ್ಸ್ ಎಂಬುದು ಸುಮಾರು 1 ಮಿಲಿಮೀಟರ್ ಉದ್ದದ ಹುಳು. ಹುಳುವಿಗಿಂತ ಅದರ ಹೆಸರೇ ಉದ್ದ! ಅದರ ಮೈ ಪಾರದರ್ಶಕ. ಆದುದರಿಂದ ನರಕೋಶವು ತನ್ನ ನೀಳವಾದ ಎಳೆಯುದ್ದಕ್ಕೂ ಸಾಮಗ್ರಿಯನ್ನು ಸಾಗಿಸುವ ಬಗೆಯನ್ನು ಜೀವಂತ ಹುಳುವಿನಲ್ಲಿಯೇ ಸೂಕ್ಷ್ಮದರ್ಶಕದಿಂದ ಕಾಣಬಹುದು. ತೊಡಕೆಂದರೆ, ಹುಳು ಸುಮ್ಮನಿರದು. ಅದಕ್ಕೆ ಮಂಪರು ಔಷಧ ಕೊಡುವುದು ವಾಡಿಕೆಯಾಗಿತ್ತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಧ್ಯಾ ಕೌಶಿಕ ಅವರೂ ಅವರ ಸಂಗಡಿಗರೂ 2011ರಲ್ಲಿ ಬೇರೊಂದು ಉಪಾಯವನ್ನು ಪ್ರಕಟಿಸಿದರು. ಹುಳುವನ್ನು ಚಿಪ್‌ನ ಕಾಲುವೆಗೆ ಬಿಟ್ಟು, ಅನಿಲದ ಒತ್ತಡದಿಂದ ಮೇಲಿನ ತೆಳುಪೊರೆಯನ್ನು ಉಬ್ಬಿಸಿ ಮೆಲ್ಲಗೆ ಅದುಮಿ ಹಿಡಿದರು. ಔಷಧವಿಲ್ಲದೆಯೇ ಹುಳು ನಿಂತಿತು. ಆಗ ತಿಳಿದ ಸಂಗತಿಯೇನು? ಮಂಪರು ಔಷಧವು ಕೆಲವು ಸಾಮಗ್ರಿಗಳ ಸಾಗಾಟವನ್ನೇ ಮಾರ್ಪಡಿಸುತ್ತಿತ್ತು! ನಿದ್ದೆಗಣ್ಣಿನವನ ನಡಿಗೆಯನ್ನು ನೋಡಿ ಅವನ ಓಟವನ್ನು ಅಳೆದಂತಾಗಿತ್ತು, ಹಳೆಯ ಕ್ರಮ.

ಇದಕ್ಕೆ ಹಿಂದಿನ ವರ್ಷ, 2010ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮನುಷ್ಯನ ಕೋಶಗಳಿಂದಲೇ ಶ್ವಾಸಕೋಶದ ಮಾದರಿಯೊಂದು ಚಿಪ್‌ನಲ್ಲಿ ರೂಪುಗೊಂಡಿತು. ರಂಧ್ರಮಯವಾದ ಪೊರೆಯ ಮೇಲ್ಬದಿಯಲ್ಲಿ ಶ್ವಾಸಕೋಶದ ಕೋಶಗಳೂ ಗಾಳಿಯೂ, ಕೆಳಬದಿಯಲ್ಲಿ ರಕ್ತನಾಳದ ಕೋಶಗಳೂ ಹರಿಯುವ ದ್ರವವೂ ಇದ್ದವು. ಪೊರೆಯು ಉಸಿರಾಟದ ಲಯದಲ್ಲಿ ಹಿಗ್ಗಿ ಕುಗ್ಗುತ್ತಿತ್ತು. ಮೇಲ್ಬದಿಗೆ ಬ್ಯಾಕ್ಟೀರಿಯಾಗಳನ್ನು ಬಿಟ್ಟಾಗ, ಕೆಳಗಿನ ಕಾಲುವೆಯ ಬಿಳಿಯ ರಕ್ತಕಣಗಳು ಪೊರೆಯನ್ನು ದಾಟಿ ಬಂದು ಅವನ್ನು ನುಂಗಿದವು.

ಹೊಸ ಔಷಧವನ್ನು ಮೊದಲು ಪ್ರಾಣಿಗಳ ಮೇಲೆ ಪ್ರಯೋಗಿಸುವುದು ಬಹುಕಾಲದ ರೂಢಿ. ಮೂಕಪ್ರಾಣಿಗಳ ಸಂಕಟ ಒಂದು ಕಡೆ. ಇಲಿಗೆ ತಾಗದ ವಿಷ ಮನುಷ್ಯನಿಗೆ ತಾಗಬಹುದೆಂಬ ಭಯ ಇನ್ನೊಂದು ಕಡೆ. 2023ರಲ್ಲಿ ಭಾರತ ಸರ್ಕಾರವು ಔಷಧ ಪರೀಕ್ಷೆಯ ನಿಯಮಗಳನ್ನು ತಿದ್ದಿ ಇಂಥ ಚಿಪ್‌ಗಳಿಗೂ ಎಡೆಮಾಡಿಕೊಟ್ಟಿತು. ಆದರೂ ಪ್ರಾಣಿಗಳನ್ನು ಪೂರ್ತಿಯಾಗಿ ಬಿಟ್ಟುಬಿಡುವ ಕಾಲ ಇನ್ನೂ ಬಂದಿಲ್ಲ. ಆ ಚಿಪ್‌ನಲ್ಲಿರುವುದು ಶ್ವಾಸಕೋಶದ ತುಣುಕು ಮಾತ್ರ. ಔಷಧವು ಯಕೃತ್ತನ್ನು ಸೇರಿ ಏನಾಗಿ ಮಾರ್ಪಡುವುದೆಂಬುದನ್ನು ಅದು ಹೇಳಲಾರದು. ಅದಕ್ಕಾಗಿಯೇ ಬೇರೆ ಬೇರೆ ಅಂಗಗಳ ಚಿಪ್‌ಗಳನ್ನು ಸಣ್ಣ ಕೊಳವೆಗಳಿಂದ ಒಂದಕ್ಕೊಂದು ಜೋಡಿಸಿ ನೋಡುವ ಪ್ರಯತ್ನಗಳು ನಡೆದಿವೆ.